ನೋಟವೆಂಬ ಹಿಂಸೆ: ‘ಪೀಪಿಂಗ್ ಟಾಮ್’ ಚಿತ್ರದ ಮರುಪರಿಶೀಲನೆ

ಮೈಕೆಲ್ ಪೊವೆಲ್‌ನ ‘ಪೀಪಿಂಗ್ ಟಾಮ್’ (1960) ಸರಣಿ ಕೊಲೆಗಾರನೊಬ್ಬನ ಕಥೆಯಾದರೂ ಅದರ ನಿಜವಾದ ವಸ್ತು ನೋಟ. ಲಂಡನ್ನಿನ ಸ್ಟುಡಿಯೋ ಒಂದರಲ್ಲಿ ಕ್ಯಾಮೆರಾ ಸಹಾಯಕನಾಗಿರುವ ಮಾರ್ಕ್, ಟ್ರೈಪಾಡಿನ ಕಾಲಿನಲ್ಲಿ ಅಡಗಿಸಿದ ಅಲಗಿನಿಂದ ಹೆಂಗಸರನ್ನು ಕೊಲ್ಲುತ್ತ ಅವರ ಮುಖದ ಭಯವನ್ನು ಚಿತ್ರೀಕರಿಸುತ್ತಾನೆ. ಕ್ಯಾಮೆರಾಕ್ಕೆ ಜೋಡಿಸಿದ ಕನ್ನಡಿಯೊಂದರಲ್ಲಿ ಸಾಯುವವಳು ತನ್ನ ಭಯವನ್ನು ತಾನೇ ಕಾಣಬೇಕಾಗುತ್ತದೆ. ಮೊದಲ ಕೊಲೆಯನ್ನು ನಾವು ನೋಡುವುದೂ ಅವನ ಕ್ಯಾಮೆರಾದ ಮೂಲಕವೇ. ದೂರ ನಿಂತು ತೀರ್ಪು ನೀಡುವ ಸವಲತ್ತನ್ನು ಚಿತ್ರವು ಪ್ರೇಕ್ಷಕನಿಂದ ಆರಂಭದಲ್ಲಿಯೇ ಕಸಿದುಕೊಳ್ಳುತ್ತದೆ.

ಬಾಲ್ಯದಲ್ಲಿ ತಂದೆಯು ಮಗನ ಮೇಲೆ ನಡೆಸಿದ ಭಯದ ಪ್ರಯೋಗಗಳೇ ಈ ವಿಕೃತಿಗೆ ಮೂಲವೆಂಬ ವಿವರಣೆ ತುಸು ಸರಳವಾಯಿತೆನ್ನಬೇಕು. ಆದರೆ ಆ ತಂದೆಯ ಪಾತ್ರವನ್ನು ಸ್ವತಃ ಪೊವೆಲ್ ವಹಿಸಿದ್ದಾನೆ. ಬಾಲಕ ಮಾರ್ಕನಾಗಿ ನಟಿಸಿರುವವನು ಅವನ ಮಗನೇ. ಹೀಗಾಗಿ ಆರೋಪವು ಮನಶ್ಶಾಸ್ತ್ರವನ್ನು ದಾಟಿ ಚಲನಚಿತ್ರ ಕಲೆಯತ್ತಲೇ ತಿರುಗುತ್ತದೆ. ಮಾರ್ಕನ ಬಗ್ಗೆ ಮೊದಲಿಗೆ ಶಂಕೆ ತಳೆಯುವವಳು ದೃಷ್ಟಿಹೀನಳಾದ ಶ್ರೀಮತಿ ಸ್ಟೀಫನ್ಸ್ ಎಂಬುದೂ ಗಮನಾರ್ಹ.

ಅದೇ ವರ್ಷ ತೆರೆಕಂಡ ಹಿಚ್‌ಕಾಕ್‌ನ ‘ಸೈಕೋ’ ಕೊನೆಯಲ್ಲಿ ವೈದ್ಯನೊಬ್ಬನ ವ್ಯಾಖ್ಯಾನದಿಂದ ಪ್ರೇಕ್ಷಕನನ್ನು ಸಮಾಧಾನಪಡಿಸಿ ಕಳುಹಿಸುತ್ತದೆ. ಪೊವೆಲ್ ಅಂತಹ ಬಿಡುಗಡೆ ಕೊಡಲಿಲ್ಲ. ಬ್ರಿಟಿಷ್ ವಿಮರ್ಶಕರು ಚಿತ್ರವನ್ನು ಹೇಸಿಗೆಯೆಂದು ಜರೆದರು. ಅವನ ವೃತ್ತಿಜೀವನಕ್ಕೆ ಬಿದ್ದ ಪೆಟ್ಟು ದೊಡ್ಡದು. ಆ ರೋಷದಲ್ಲಿ ಸಿಕ್ಕಿಬಿದ್ದವರ ಮುಜುಗರವೂ ಬೆರೆತಿತ್ತೆಂದು ನನಗೆ ತೋರುತ್ತದೆ. ಚಿತ್ರಕ್ಕೆ ಮನ್ನಣೆ ಮರಳಿದ್ದು 1970ರ ದಶಕದ ಕೊನೆಯಲ್ಲಿ, ಮಾರ್ಟಿನ್ ಸ್ಕೊರ್ಸೆಸೆಯ ಆಸ್ಥೆಯಿಂದ.