ಗಾಡಿ ಕೊಳ್ಳುವ ಮುನ್ನ ಮಲಪ್ರಭೆಯ ದಂಡೆಗೆ ಒಂದು ಸುತ್ತು

ಕಡಲೆ, ಬಿಳಿಜೋಳದ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನನಗೆ ಪ್ರತಿ ವರ್ಷ ಒಂದೇ ಬಗೆಯ ಫೋನು ಬರುತ್ತದೆ. “ಸರ, ಒಂದು ಸೆಕೆಂಡ್ ಹ್ಯಾಂಡ್ ಎಸ್‌ಯುವಿ ತಗೋಬೇಕಂತ ಮಾಡೇನ್ರಿ. ಹೊಲಕ್ಕೂ ಹೋಗಬೇಕು, ಮನೀ ಮಂದೀನ ಕರ್ಕೊಂಡು ಹುಬ್ಬಳ್ಳಿಗೂ ಹೋಗಬೇಕು. ಯಾವುದು ತಗೊಳ್ಲಿ?” ನಾನು ಕೇಳುವ ಮರುಪ್ರಶ್ನೆಯೂ ಪ್ರತಿ ವರ್ಷ ಒಂದೇ: “ನಿಮ್ಮ ಹೊಲ ಎರಿಯೋ, ಮಸಾರಿಯೋ?”

ಗಾಡಿಯ ಮಾತಿನಲ್ಲಿ ಕಪ್ಪು ಮಣ್ಣು, ಕೆಂಪು ಮಣ್ಣು ಯಾಕೆ ಬಂತೆಂದು ಹಲವರಿಗೆ ಅಚ್ಚರಿ. ಆದರೆ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಒಂದೇ ದಿನದ ಓಡಾಟಕ್ಕೆ ಬಾದಾಮಿಯ ಮರಳುಗಲ್ಲು, ಹುನಗುಂದದ ಎರೆ, ಇಳಕಲ್ಲಿನ ಗ್ರಾನೈಟ್ ದೂಳು ಮೂರೂ ಟೈರಿಗೆ ತಾಗುತ್ತವೆ. ಬೆಂಗಳೂರಿನ ವರ್ತುಲ ರಸ್ತೆಯಲ್ಲಿ ಪಾಸಾದ ಗಾಡಿ ಇಲ್ಲಿ ಪಾಸಾಗುತ್ತದೆಂದು ಹೇಳಲಾಗದು. ಆದ್ದರಿಂದ ನಾನು ಯಾವ ಹಳೇ ಗಾಡಿಯನ್ನೂ ಯಾರ್ಡಿನಲ್ಲಿ ನಿಂತು ನೋಡಿ ಒಪ್ಪುವುದಿಲ್ಲ. ಬಾಗಲಕೋಟೆಯಿಂದ ಹೊರಟು ಗುಳೇದಗುಡ್ಡ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ಅಮೀನಗಡ, ಹುನಗುಂದ, ಇಳಕಲ್ ಮುಟ್ಟಿ ಮರಳುವುದು ನನ್ನ ಸುತ್ತು. ನೂರೈವತ್ತು ಕಿಲೋಮೀಟರಿಗೂ ಮಿಕ್ಕಿದ ಈ ದಾರಿ ಗಾಡಿಗೆ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ತಾನೇ ಕೇಳುತ್ತದೆ.

ಮೊದಲ ಪ್ರಶ್ನೆ ಮನೆಯ ಅಂಗಳದಲ್ಲೇ. ಬೆಳಿಗ್ಗೆ ಹೋಗಿ. ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬಿಸಿಯಿದ್ದರೆ ಮಾರುವವರು ನಿಮಗಿಂತ ಮೊದಲೇ ಎಂಜಿನ್ ಚಾಲೂ ಮಾಡಿದ್ದಾರೆ, ಇನ್ನೊಂದು ದಿನ ಬನ್ನಿ. ಡೀಸೆಲ್ ಎಂಜಿನ್ನಿನ ಗುಣ ತಿಳಿಯುವುದು ತಣ್ಣಗಿದ್ದಾಗ ಚಾಲೂ ಆಗುವ ಬಗೆಯಲ್ಲಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಇಂಜೆಕ್ಟರ್ ಕೆಟ್ಟಿರಬಹುದು, ಇಲ್ಲವೇ ಕೂಲಂಟ್ ಒಳಗೆ ಸೋರುತ್ತಿರಬಹುದು. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ. ಅಲ್ಲಿಂದ ರೈಲಿನಂತೆ ಬುಸುಬುಸು ಹೊಗೆ ಹೊರಟರೆ ಪಿಸ್ಟನ್ ರಿಂಗ್ ಸವೆದಿವೆ ಎಂದು ತಿಳಿಯಿರಿ. ಏರ್ ಫಿಲ್ಟರ್ ಡಬ್ಬಿಯನ್ನೂ ಬಿಚ್ಚಿಸಿ. ಫಿಲ್ಟರಿನಿಂದ ಎಂಜಿನ್ ಕಡೆಗೆ ಹೋಗುವ ಪೈಪಿನೊಳಗೆ ಬೆರಳಾಡಿಸಿದಾಗ ದೂಳು ಹತ್ತಿದರೆ ಆ ಗಾಡಿ ನನಗೆ ಬೇಡ. ಗ್ರಾನೈಟ್ ದೂಳಿನಲ್ಲಿರುವ ಬೆಣಚುಕಲ್ಲಿನ ಕಣ ಸಿಲಿಂಡರನ್ನೂ ಟರ್ಬೊವನ್ನೂ ಉಜ್ಜುಕಾಗದದಂತೆ ತಿನ್ನುತ್ತದೆ. ಇಳಕಲ್ ಸುತ್ತಿನ ಕ್ವಾರಿಗಳಲ್ಲಿ ದುಡಿದ ಗಾಡಿಗಳಿಗೆ ಈ ಪರೀಕ್ಷೆ ಕಡ್ಡಾಯ.

ಗುಳೇದಗುಡ್ಡ ದಾಟಿ ಬಾದಾಮಿಯ ಗುಡ್ಡಗಳ ಕಡೆ ತಿರುಗಿದಾಗ ಎರಡನೇ ಪ್ರಶ್ನೆ: ಚಾಸಿ ಮತ್ತು ಸಸ್ಪೆನ್ಷನ್. ಮಹಾಕೂಟದ ಕಡೆಯ ಯಾವುದಾದರೂ ಕಲ್ಲುಹಾದಿಗೆ ಇಳಿಸಿ, ಕಿಟಕಿ ತೆರೆದು, ರೇಡಿಯೊ ಮುಚ್ಚಿ, ನಡಿಗೆಯ ವೇಗದಲ್ಲಿ ಓಡಿಸಿ. ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಗಾಡಿ ಎಳೆದ ಕೂಡಲೇ ಕೆಳಗಿಂದ ‘ಟಣ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಹೋಗಿರಬಹುದು. ವೇಗ ಏರಿದಂತೆ ಹಿಂದಿನಿಂದ ಹೂಂಕಾರ ಕೇಳಿದರೆ ಡಿಫರೆನ್ಷಿಯಲ್ಲಿನ ಕ್ರೌನ್ ಸವೆದಿರಬಹುದು. ಆಮೇಲೆ ನೆರಳಿನಲ್ಲಿ ನಿಲ್ಲಿಸಿ, ಚಾಪೆ ಹಾಸಿ, ಕೆಳಗೆ ತೂರಿ ನೋಡಿ. ಬೊಲೆರೊ, ಸ್ಕಾರ್ಪಿಯೊ, ಥಾರ್, ಸಫಾರಿ ಸ್ಟಾರ್ಮ್ ಇವೆಲ್ಲ ಏಣಿಯಾಕಾರದ ಚಾಸಿಯ ಮೇಲೆ ಕೂತ ಗಾಡಿಗಳು. ಚಾಸಿಯ ಉದ್ದಕ್ಕೂ ಹೊಸ ವೆಲ್ಡಿಂಗ್, ಹೊಸ ಕಪ್ಪು ಬಣ್ಣ, ಬಾಗಿದ ಅಡ್ಡಪಟ್ಟಿ ಕಂಡರೆ ಬೆಲೆ ಚೌಕಾಸಿ ಮಾಡಲು ಹೋಗಬೇಡಿ, ವಾಪಸ್ ಬನ್ನಿ. ಎಂಜಿನ್ ಬಿಚ್ಚಿ ಕಟ್ಟಬಹುದು. ಬಾಗಿದ ಚಾಸಿ ನೆಟ್ಟಗಾದರೂ ಮೊದಲಿನದಾಗುವುದಿಲ್ಲ. ಗೋವಾ, ಮಂಗಳೂರು ಕಡೆಯ ನೋಂದಣಿ ಇದ್ದರೆ ತುಕ್ಕಿಗಾಗಿ ಇನ್ನಷ್ಟು ಹೊತ್ತು ಹುಡುಕಿ. ನಮ್ಮ ಒಣಹವೆಯಲ್ಲಿ ಬೆಳೆದ ಗಾಡಿಗೆ ಆ ಒಂದು ವಿಷಯದಲ್ಲಿ ಭಾಗ್ಯವಿದೆ.

ಪಟ್ಟದಕಲ್ಲಿನಲ್ಲಿ ಮಲಪ್ರಭೆಯ ದಂಡೆಗೆ ಬಂದಾಗ ಮೂರನೇ ಪ್ರಶ್ನೆ ನೆನಪಾಗಲೇಬೇಕು. 2009ರ ಅಕ್ಟೋಬರಿನಲ್ಲಿ ಈ ನದಿ ಉಕ್ಕಿತು. 2019ರ ಆಗಸ್ಟಿನಲ್ಲಿ ಮತ್ತೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ, ಐಹೊಳೆಯ ಮನೆಗಳಿಗೆ ನುಗ್ಗಿತು. ಅದೇ ದಿನಗಳಲ್ಲಿ ಕೃಷ್ಣೆ, ಘಟಪ್ರಭೆಗಳೂ ಉಕ್ಕಿದ್ದವು. ಅಂಥ ನೀರಲ್ಲಿ ನಿಂತ ಗಾಡಿ ತೊಳೆದು ಪಾಲಿಶ್ ಹೊಡೆದರೆ ಹೊಸದರಂತೆ ಕಾಣುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ, ಸುರುಳಿಯ ಒಳಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಬೋಲ್ಟುಗಳ ತುಕ್ಕು, ಕಾರ್ಪೆಟ್ ಅಡಿಯ ನುಣ್ಣನೆಯ ಹೂಳು, ವೈರಿಂಗ್ ಜೋಡಣೆಗಳಲ್ಲಿ ಹಸಿರು ಕಿಲುಬು ಇವೆಲ್ಲ ಸುಳ್ಳು ಹೇಳುವುದಿಲ್ಲ. 2019ಕ್ಕಿಂತ ಹಳೆಯ ಗಾಡಿಯನ್ನು ನಮ್ಮ ನದಿಪಾತ್ರದ ಊರುಗಳಲ್ಲಿ, ಅಥವಾ ಅದೇ ವರ್ಷ ಮುಳುಗಿದ ಸಾಂಗ್ಲಿ, ಕೊಲ್ಲಾಪುರದ ಕಡೆಯಿಂದ ಕೊಳ್ಳುವವರು ಇದನ್ನು ಮರೆಯಬಾರದು.

ಐಹೊಳೆಯಿಂದ ಅಮೀನಗಡಕ್ಕೆ ಬಂದು, ಕರದಂಟು ಕಟ್ಟಿಸಿಕೊಂಡು ಹುನಗುಂದದ ದಾರಿ ಹಿಡಿಯುವಷ್ಟರಲ್ಲಿ ಎರಡೂ ಬದಿಗೆ ನೆಲ ಕಪ್ಪಾಗುತ್ತ ಹೋಗುತ್ತದೆ. ಈಗ ನಾಲ್ಕನೇ ಪ್ರಶ್ನೆ, ಎಲ್ಲಕ್ಕಿಂತ ದೊಡ್ಡದು: ನಿಮಗೆ ಫೋರ್ ಬೈ ಫೋರ್ ಬೇಕೇ?

ಎರೆಯ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮಳೆ ಬಿದ್ದ ಎರೆಯಲ್ಲಿ ಟೈರಿನ ಕಚ್ಚು ಎರಡು ಸುತ್ತಿನಲ್ಲಿ ಮುಚ್ಚಿಹೋಗುತ್ತದೆ, ಗಾಲಿ ಬೆಣ್ಣೆ ಹಚ್ಚಿದಂತಾಗುತ್ತದೆ. ಇನ್ನಷ್ಟು ರೇಸ್ ಕೊಟ್ಟರೆ ಮಡ್‌ಗಾರ್ಡಿನೊಳಗೆ ಮಣ್ಣು ಗಟ್ಟಿಯಾಗಿ ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಕೆಲ ವರ್ಷಗಳ ಹಿಂದೆ ಹಿಂಗಾರಿ ಬಿತ್ತನೆಯ ದಿನಗಳಲ್ಲಿ, ಫೋರ್ ಬೈ ಫೋರ್ ಇದೆಯೆಂಬ ಧೈರ್ಯದಿಂದ ನಾನು ಹುನಗುಂದದ ಆಚೆ ಒಂದು ಹೊಲದ ಹಾದಿಗೆ ಇಳಿದಿದ್ದೆ. ಟೈರು ಮಾತ್ರ ಹೆದ್ದಾರಿಯದು. ಐವತ್ತು ಮಾರು ಹೋಗುವಷ್ಟರಲ್ಲಿ ನಾಲ್ಕೂ ಗಾಲಿ ಒಟ್ಟಿಗೆ ಜಾರಿ ಗಾಡಿ ಅಡ್ಡಡ್ಡ ನಿಂತಿತು. ಬದುವಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಹತ್ತಿರ ಬಂದು, “ತಮ್ಮಾ, ಎರಿ ಹಸಿ ಇದ್ದಾಗ ನಾವು ಎತ್ತನ್ನೂ ಇಳಸಂಗಿಲ್ಲ. ನೀ ಗಾಡೀನ ಇಳಿಸೀಯಲ್ಲ? ಒಂದು ಬಿಸಲು ಬೀಳಲಿ ತಡಿ” ಎಂದರು. ಮರುದಿನ ಮಧ್ಯಾಹ್ನ ಗಾಡಿ ತಾನಾಗಿಯೇ ಹೊರಬಂತು. ಆಫ್‌ರೋಡ್ ಕುರಿತು ನಾನು ಕಲಿತ ಪಾಠಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಎರೆಯಲ್ಲಿ ಮೊದಲು ಬೇಕಾದದ್ದು ಟೈರು ಮತ್ತು ತಾಳ್ಮೆ. ಫೋರ್ ಬೈ ಫೋರ್ ಆಮೇಲೆ.

ಹಾಗಿದ್ದೂ ಮಳೆಗಾಲದಲ್ಲಿ ಎರೆಯ ದಾರಿಯಲ್ಲೇ ನಿತ್ಯ ಓಡಾಡಬೇಕಾದವರಿಗೆ ಅದು ಬೇಕೇ ಬೇಕು. ಕೊಳ್ಳುವಾಗ ಹಿಂಬದಿಯ ಸ್ಟಿಕ್ಕರ್ ನಂಬಬೇಡಿ. ಬಗ್ಗಿ, ಮುಂದಿನ ಗಾಲಿಗಳ ಕಡೆ ಶಾಫ್ಟ್ ಹೋಗಿದೆಯೇ ನೋಡಿ. ಸ್ಕಾರ್ಪಿಯೊಗಳಲ್ಲಿ ಹೆಚ್ಚಿನವು ಹಿಂದಿನ ಗಾಲಿಗಳಿಂದಷ್ಟೇ ಓಡುವಂಥವು. ಥಾರ್ ಕೂಡ 2023ರಿಂದ ಹಿಂಗಾಲಿಯ ಮಾದರಿಯಲ್ಲೂ ಬಂದಿದೆ. ಒಣಮಣ್ಣಿನ ಹಾದಿಯಲ್ಲಿ ನಾಲ್ಕೂ ಗಾಲಿಗೆ ಶಕ್ತಿ ಹೋಗುವಂತೆ ಲಿವರ್ ಹಾಕಿ ನೇರಕ್ಕೆ ಓಡಿಸಿ, ನಿಲ್ಲಿಸಿ ಲೋ ರೇಂಜ್‌ಗೂ ಹಾಕಿ ನೋಡಿ. ವರ್ಷಗಟ್ಟಲೆ ಬಳಸದ ಗಾಡಿಯಲ್ಲಿ ಅದು ಕೂಡಿಕೊಳ್ಳುವುದೇ ಇಲ್ಲ. ಡಾಂಬರಿನ ಮೇಲೆ ಈ ಪರೀಕ್ಷೆ ಬೇಡ. ತಿರುವಿನಲ್ಲಿ ಮುಂದಿನ ಗಾಲಿ, ಹಿಂದಿನ ಗಾಲಿ ಬೇರೆ ಬೇರೆ ದೂರ ಕ್ರಮಿಸುತ್ತವೆ. ಜಾರಲು ಮಣ್ಣಿಲ್ಲದಿದ್ದರೆ ಆ ಬಿಗಿತವೆಲ್ಲ ಗೇರುಗಳ ಮೇಲೆ ಬೀಳುತ್ತದೆ.

ಹುನಗುಂದದಿಂದ ಇಳಕಲ್‌ಗೆ ರಾಷ್ಟ್ರೀಯ ಹೆದ್ದಾರಿ 50. ಹಿಂದೆ 13 ಎಂದು ಕರೆಯುತ್ತಿದ್ದ ಸೊಲ್ಲಾಪುರ–ಚಿತ್ರದುರ್ಗದ ದಾರಿ. ಇಲ್ಲಿ ಕೊನೆಯ ಪ್ರಶ್ನೆ: ಬ್ರೇಕು, ತಂಪು, ಸುರಕ್ಷತೆ. ಖಾಲಿ ರಸ್ತೆ ನೋಡಿಕೊಂಡು 80ರ ವೇಗದಿಂದ ಗಟ್ಟಿಯಾಗಿ ಬ್ರೇಕ್ ಹಿಡಿಯಿರಿ. ಗಾಡಿ ಒಂದು ಪಕ್ಕಕ್ಕೆ ಎಳೆಯಬಾರದು. ಇಳಕಲ್ ಪೇಟೆಯಲ್ಲಿ ಎಸಿ ಹಾಕಿ ಹದಿನೈದು ನಿಮಿಷ ನಿಂತಲ್ಲೇ ಎಂಜಿನ್ ಓಡಿಸಿ. ನಮ್ಮ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟುತ್ತದೆ. ಉಷ್ಣತೆಯ ಮುಳ್ಳು ಈಗಲೇ ಮೇಲೇರಿದರೆ ಬೇಸಿಗೆಯಲ್ಲಿ ನಡುದಾರಿಯಲ್ಲಿ ನಿಲ್ಲುವುದು ಖಂಡಿತ. ಇಸವಿಯೂ ಮುಖ್ಯ. ಹೊಸ ಕಾರುಗಳಿಗೆಲ್ಲ 2019ರ ಏಪ್ರಿಲಿನಿಂದ ಎಬಿಎಸ್, ಅದೇ ವರ್ಷದ ಜುಲೈಯಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದವು. ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಗಾಡಿಗೆ ನಾನು ಈ ಗೆರೆಯನ್ನು ಬಿಟ್ಟುಕೊಡುವುದಿಲ್ಲ. 2020ರ ಏಪ್ರಿಲಿನ ನಂತರದ ಬಿಎಸ್ 6 ಡೀಸೆಲ್ ಕೊಳ್ಳುವವರಿಗೆ ಇನ್ನೊಂದು ಮಾತು: ಊರೊಳಗಿನ ನಾಲ್ಕಾರು ಕಿಲೋಮೀಟರ್ ಓಡಾಟವಷ್ಟೇ ಇದ್ದರೆ ಹೊಗೆಕೊಳವೆಯ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆಗಾಗ ಇದೇ ಹೆದ್ದಾರಿಗೆ ತಂದು ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸಿ, ಒಳಗಿನ ಮಸಿ ಸುಟ್ಟುಹೋಗಲಿ.

ಕಾಗದಪತ್ರದ ಕೆಲಸ ಚಿಕ್ಕದು, ತಪ್ಪಿದರೆ ನೋವು ದೊಡ್ಡದು. ಕೆಎ 29 ಬಾಗಲಕೋಟೆಯದು, ಕೆಎ 48 ಜಮಖಂಡಿಯದು. ಸ್ಥಳೀಯ ಗಾಡಿಯಾದರೆ ಹಳೇ ಮಾಲೀಕರನ್ನೂ ಮೆಕ್ಯಾನಿಕನ್ನೂ ಹುಡುಕಿ ಮಾತಾಡಬಹುದು; ಇದು ಯಾವ ಯಂತ್ರದ ತಪಾಸಣೆಗಿಂತಲೂ ಮಿಗಿಲು. ಹೊರರಾಜ್ಯದ್ದಾದರೆ ಅಲ್ಲಿನ ಆರ್‌ಟಿಒ ಎನ್‌ಒಸಿ ಬೇಕು, ಇಲ್ಲಿ ಆಜೀವ ತೆರಿಗೆ ಕಟ್ಟಬೇಕು. ದೆಹಲಿಯಲ್ಲಿ ಹಳೇ ಡೀಸೆಲ್ ಗಾಡಿಗಳ ಮೇಲಿನ ನಿರ್ಬಂಧದಿಂದ ಅಲ್ಲಿನವು ಅಗ್ಗಕ್ಕೆ ಬರುತ್ತವೆ. ಈ ತೆರಿಗೆ ಕೂಡಿಸಿ ನೋಡದೆ ಅಗ್ಗವೆಂದು ತೀರ್ಮಾನಿಸಬೇಡಿ. ಸಾಲ ತೀರಿದ್ದರೆ ಫಾರ್ಮ್ 35, ಹೆಸರು ಬದಲಾಯಿಸಲು ಫಾರ್ಮ್ 29 ಮತ್ತು 30. ಹೆಸರು ಬದಲಾಗುವವರೆಗೆ ಪೂರ್ತಿ ಹಣ ಕೊಡಬೇಡಿ.

ಇನ್ನು ನನ್ನ ತೀರ್ಪು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳ ಡಾಂಬರು ಬಿಟ್ಟು ಇಳಿಯದವರಿಗೆ ದೊಡ್ಡ ಎಸ್‌ಯುವಿ ಬೇಕಿಲ್ಲ. ಎತ್ತರವಿರುವ ಸಣ್ಣ ಕಾರು ಸಾಕು, ಡೀಸೆಲ್ಲೂ ಉಳಿಯುತ್ತದೆ. ಹೊಲ, ಮನೆ, ಜಾತ್ರೆ ಎಲ್ಲಕ್ಕೂ ಒಂದೇ ಗಾಡಿ ಎನ್ನುವವರಿಗೆ 2019ರ ಮಧ್ಯದ ನಂತರದ, ಒಬ್ಬರೇ ಮಾಲೀಕರಿದ್ದ ಬೊಲೆರೊ. ಅದು 2000ದಿಂದ ರಸ್ತೆಯಲ್ಲಿದೆ; ಹಿಂದಿನ ಪಾಟಾ (ಲೀಫ್ ಸ್ಪ್ರಿಂಗ್) ಭಾರಕ್ಕೆ ಅಂಜುವುದಿಲ್ಲ, ಬಿಡಿಭಾಗ ಸಿಗದ ತಾಲ್ಲೂಕಿಲ್ಲ. ಹೆದ್ದಾರಿಯ ಓಡಾಟ ಹೆಚ್ಚಿದ್ದರೆ 2014ರ ಬದಲಾವಣೆಯ ನಂತರದ, ಎಬಿಎಸ್ ಮತ್ತು ಏರ್‌ಬ್ಯಾಗ್ ಇರುವ ಸ್ಕಾರ್ಪಿಯೊ ನೋಡಿ, ಆದರೆ ಹಿಂದೆ ಅಡ್ಡ ಸೀಟುಗಳಿರುವುದು ಬೇಡ. ಎರೆಯೇ ನಿಮ್ಮ ದಾರಿಯಾದರೆ 2020ರ ನಂತರದ ಫೋರ್ ಬೈ ಫೋರ್ ಥಾರ್. ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ಅದು ನಾಲ್ಕು ನಕ್ಷತ್ರ ಪಡೆದಿದೆ. 2010ರಿಂದ ಬಂದ ಹಳೇ ಥಾರ್ ಮಣ್ಣಿನಲ್ಲಿ ಗಟ್ಟಿ, ಏರ್‌ಬ್ಯಾಗ್ ಮಾತ್ರ ಇಲ್ಲ. ಅದನ್ನು ಹೊಲಕ್ಕಷ್ಟೇ ಇಟ್ಟುಕೊಳ್ಳಿ.

ಯಾವುದನ್ನೇ ಆರಿಸಿದರೂ ಈ ಒಂದು ಸುತ್ತನ್ನು ತಪ್ಪಿಸಬೇಡಿ. ಮಾರುವವರು ಒಪ್ಪದಿದ್ದರೆ ಡೀಸೆಲ್ ನಾನೇ ಹಾಕಿಸುತ್ತೇನೆ, ನೀವೂ ಜೊತೆಗೆ ಬನ್ನಿ ಎನ್ನಿ. ಗಾಡಿಯ ಮೇಲೆ ಭರವಸೆ ಇರುವವರು ಬರುತ್ತಾರೆ. ಬಾರದವರ ಗಾಡಿಯನ್ನು ಕೊಳ್ಳಬೇಡಿ.