ಚುಕ್ಕಿಗೆರೆ

ಬ್ಯಾಬಿಲೋನಿನ ಪಾಠ ಬಂದಾಗಲೆಲ್ಲ ನಾನು ಮಕ್ಕಳಿಗೆ ಇಷ್ತಾರ್ ಮಹಾದ್ವಾರದ ಚಿತ್ರ ತೋರಿಸುತ್ತಿದ್ದೆ. ಹೊಳೆಯುವ ನೀಲಿ ಇಟ್ಟಿಗೆ, ಮೇಲೆ ಸಾಲುಸಾಲಾಗಿ ಗೂಳಿಗಳು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಎರಡೂವರೆ ಸಾವಿರ ವರ್ಷ ಆದ್ರೂ ಒಂದು ಇಟ್ಟಿಗೇನೂ ಒಡೆದಿಲ್ವಾ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಹುಡುಕುತ್ತ ಹೋದಾಗ ಸಿಕ್ಕವರು ವಾಲ್ಟರ್ ಆಂಡ್ರೆ.

1875ರಲ್ಲಿ ಜರ್ಮನಿಯ ಲೈಪ್‌ಜಿಗ್ ಬಳಿ ಹುಟ್ಟಿದ ಇವರು ಓದಿದ್ದು ವಾಸ್ತುಶಿಲ್ಪ. 1899ರಲ್ಲಿ ಬ್ಯಾಬಿಲೋನಿನ ಉತ್ಖನನ ಆರಂಭವಾದಾಗ ರಾಬರ್ಟ್ ಕೋಲ್ಡವೇ ಅವರ ಸಹಾಯಕರಾಗಿ ಹೋದರು. 1903ರಿಂದ 1914ರವರೆಗೆ ಟೈಗ್ರಿಸ್ ದಡದ ಅಸ್ಸೂರ್ ನಗರವನ್ನು ತಾವೇ ಮುಂದೆ ನಿಂತು ಅಗೆಸಿದರು. ಹಸಿ ಇಟ್ಟಿಗೆಯ ಗೋಡೆಯನ್ನು ಸುತ್ತಲಿನ ಮಣ್ಣಿನಿಂದ ಬೇರ್ಪಡಿಸಿ ಗುರುತಿಸುವುದು ಹುಡುಗಾಟವಲ್ಲ. ಇಷ್ತಾರ್ ದೇವತೆಯ ಗುಡಿಯನ್ನು ಪದರ ಪದರವಾಗಿ ಬಿಡಿಸಿ, ಒಂದರ ಕೆಳಗೊಂದಿದ್ದ ಹಳೆಯ ಗುಡಿಗಳನ್ನು ಅಳೆದು ಬರೆದಿಟ್ಟರು. ಅಸ್ಸೂರಿಗೆ ಬಂದು ಅವರ ಕೆಲಸ ಕಂಡ ಇಂಗ್ಲೆಂಡಿನ ಗರ್ಟ್ರೂಡ್ ಬೆಲ್ 1914ರ ತಮ್ಮ ಪುಸ್ತಕವನ್ನು ಆಂಡ್ರೆಗೇ ಅರ್ಪಿಸಿದರು. ವಿದ್ಯಾವಂತ ಹೆಣ್ಣೊಬ್ಬಳ ಈ ಮೆಚ್ಚುಗೆ ನನಗೆ ದೊಡ್ಡದಾಗಿ ಕಾಣುತ್ತದೆ.

ಆದರೂ ನನ್ನದೊಂದು ತಕರಾರಿದೆ. 1922ರ ಪುಸ್ತಕದಲ್ಲಿ ಆಂಡ್ರೆ ಆ ಪುರಾತನ ಗುಡಿಯ ಒಳಾಂಗಣವನ್ನು ಚಿತ್ರಿಸಿದ್ದಾರೆ. ನಿನ್ನೆ ಸಂಜೆ ಪೂಜೆ ಮುಗಿದಂತಿದೆ! ಸಿಕ್ಕಿದ್ದೆಷ್ಟು, ಊಹಿಸಿದ್ದೆಷ್ಟು? ಗೆರೆಗಳೆಲ್ಲ ಒಂದೇ ತೂಕದವು. ವಿವರಣೆ ಪುಸ್ತಕದಲ್ಲಿದ್ದರೇನು, ಚಿತ್ರ ಒಂಟಿಯಾಗಿಯೇ ಊರೂರು ತಿರುಗುತ್ತದೆ. ಕೈ ಚಳಕ ಹೆಚ್ಚಿದಷ್ಟೂ ನೋಡುವವರ ಅನುಮಾನ ಕಡಿಮೆಯಾಗುತ್ತದೆ.

ಮಹಾದ್ವಾರದ ಕಥೆಯೂ ಅಷ್ಟೇ. ಬ್ಯಾಬಿಲೋನಿನಿಂದ ಹೋದದ್ದು ಪೆಟ್ಟಿಗೆಗಟ್ಟಲೆ ಚೂರುಗಳು. ಬರ್ಲಿನ್ನಿನಲ್ಲಿ ಅವನ್ನು ನೀರಿನಲ್ಲಿ ನೆನೆಸಿ ಉಪ್ಪು ತೆಗೆದು, ಆರಿಸಿ, ಜೋಡಿಸಿ, ಇಲ್ಲದ ಕಡೆ ಹೊಸದಾಗಿ ಸುಟ್ಟ ಇಟ್ಟಿಗೆ ಸೇರಿಸಿ, ಆಂಡ್ರೆಯವರ ಮೇಲ್ವಿಚಾರಣೆಯಲ್ಲಿ ಕಟ್ಟಿದರು. 1930ರಲ್ಲಿ ಅದು ಜನರ ಮುಂದೆ ನಿಂತಿತು. ಅಕ್ಕಿ ಆರಿಸಿ ಬಲ್ಲ ನಮಗೆ ಆ ತಾಳ್ಮೆಯ ಬೆಲೆ ಗೊತ್ತು. ಆದರೆ ಆ ಮಣ್ಣು ಹೊತ್ತ ಕೂಲಿಗಳ ಹೆಸರು ಚಿತ್ರದಲ್ಲಿಲ್ಲ, ಬಾಗಿಲೂ ತನ್ನೂರಿನಲ್ಲಿಲ್ಲ.

ಆಂಡ್ರೆ 1956ರಲ್ಲಿ ತೀರಿಕೊಂಡರು. ಅವರ ಮೇಲೆ ನನಗೆ ಗೌರವ ಕುಂದಿಲ್ಲ. ಅವರು ಬರೆದಿಡದಿದ್ದರೆ ಎಷ್ಟೋ ಗೋಡೆಗಳು ಮಣ್ಣಲ್ಲೇ ಮಣ್ಣಾಗುತ್ತಿದ್ದವು. ಆದರೆ ಮರುವರ್ಷ ಕರಿಹಲಗೆಯ ಮೇಲೆ ಆ ದ್ವಾರ ಬರೆಯುವಾಗ, ಸಿಕ್ಕಿದ್ದಕ್ಕೆ ತುಂಬುಗೆರೆ, ಊಹೆಗೆ ಚುಕ್ಕಿಗೆರೆ ಎಳೆದೆ. ಚಿತ್ರ ಸ್ವಲ್ಪ ವಿಕಾರವಾಯಿತು. ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ ಮಾತ್ರ ಅದರಲ್ಲಿತ್ತು.