ಬಾಗಿಲಲ್ಲಿ ಕೇಳುವ ಪ್ರಶ್ನೆ

ಮುಂಬಯಿಯನ್ನು ಕುರಿತು ಕನ್ನಡದಲ್ಲಿ ಬಂದ ಕಥೆ, ಕಾದಂಬರಿಗಳನ್ನು ನಾನು ಬಹಳ ವರ್ಷಗಳಿಂದ ಓದುತ್ತ ಬಂದಿದ್ದೇನೆ. ಮೊದಮೊದಲು ಅವುಗಳಲ್ಲಿ ನನ್ನನ್ನೇ ಹುಡುಕುತ್ತಿದ್ದೆ. ಸಿಗದೆ ಹೋದಾಗ ಲೇಖಕರ ಮೇಲೆ ಸಿಟ್ಟು ಬರುತ್ತಿತ್ತು. ಈಗ ಸಿಟ್ಟಿಲ್ಲ; ಆದರೆ ಒಂದು ತಕರಾರು ಮಾತ್ರ ಉಳಿದುಕೊಂಡಿದೆ. ಅದನ್ನು ಹೇಳಬೇಕಾದರೆ ನನ್ನ ಸ್ವಂತದ್ದೊಂದು ಸಂಗತಿಯನ್ನೂ ಹೇಳಬೇಕಾಗುತ್ತದೆ. ಅದು ಹೆಮ್ಮೆಪಡುವಂಥದ್ದಲ್ಲ.

ನಮ್ಮೂರು ಉಗಾರ ಬುದ್ರುಕ. ಆಗ ಅಥಣಿ ತಾಲೂಕಿನಲ್ಲಿತ್ತು, ಈಗ ಕಾಗವಾಡಕ್ಕೆ ಸೇರಿದೆ. ಬುದ್ರುಕ ಎಂದರೆ ದೊಡ್ಡದು, ಖುರ್ದ ಎಂದರೆ ಸಣ್ಣದು. ಎರಡೂ ಪಾರಸಿಯಿಂದ ಬಂದ ಮಾತುಗಳು. ಸಣ್ಣ ಉಗಾರಕ್ಕೆ ಸಕ್ಕರೆ ಕಾರ್ಖಾನೆ ಸಿಕ್ಕಿತು, ರೈಲು ನಿಲ್ದಾಣವೂ ಸಿಕ್ಕಿತು. ದೊಡ್ಡವರೆನ್ನಿಸಿಕೊಂಡ ನಮಗೆ ಹೆಸರಷ್ಟೇ ಉಳಿಯಿತು. ಮನೆಯಲ್ಲಿ ಕನ್ನಡ, ಮಿರಜ–ಸಾಂಗಲಿಯ ಪೇಟೆಯಲ್ಲಿ ಮರಾಠಿ. ಹೀಗೆ ಎರಡು ಭಾಷೆಗಳು ಬಾಯಲ್ಲಿ ಬೆರೆತವರಿಗೆ ಯಾವುದು ಎಲ್ಲಿ ಮುಗಿಯುತ್ತದೆ ಎನ್ನುವುದರ ವಿಚಾರವೇ ಬರುವುದಿಲ್ಲ, ಯಾರಾದರೂ ಬಾಗಿಲಲ್ಲಿ ನಿಲ್ಲಿಸಿ ಕೇಳುವವರೆಗೆ.

1984ರಲ್ಲಿ ನಾನು ಮತ್ತು ನಮ್ಮೂರಿನದೇ ಒಬ್ಬ ಗೆಳೆಯ ಕೂಡಿ ಮುಂಬಯಿಗೆ ಹೊರಟೆವು. ಮಿರಜದವರೆಗೆ ಮೀಟರ್‌ಗೇಜಿನ ಸಣ್ಣ ಗಾಡಿ, ಅಲ್ಲಿಂದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್. ಇಬ್ಬರಿಗೂ ಕಾರಕೂನಿಕೆ ಸಿಕ್ಕಿತ್ತು. ಸಿಗದಿದ್ದದ್ದು ಮಲಗುವ ಜಾಗ. ದಾದರ ಪೂರ್ವಕ್ಕಿರುವ ನಾಯಗಾಂವದ ಚಾಳೊಂದರಲ್ಲಿ ಎರಡು ಕಾಟು ಖಾಲಿ ಇವೆಯೆಂದು ಯಾರೋ ಹೇಳಿದರು. ಮನೆಯ ಯಜಮಾನ ಗಿರಣಿ ಕಾರ್ಮಿಕ. 1982ರ ಜನವರಿ 18ರಂದು ಶುರುವಾದ ಮುಷ್ಕರದಲ್ಲಿ ಕೆಲಸ ಕಳೆದುಕೊಂಡ ಸಾವಿರಾರು ಜನರಲ್ಲಿ ಒಬ್ಬ. ಇದ್ದ ಒಂದು ಖೋಲಿಯಲ್ಲೇ ಪರದೆ ಕಟ್ಟಿ ಕಾಟುಗಳನ್ನು ಬಾಡಿಗೆಗೆ ಕೊಡುತ್ತಿದ್ದರು.

ಬಾಗಿಲಿಗೆ ಬಂದವಳು ಮನೆಯ ಹೆಂಗಸು. ನನ್ನ ಹೆಸರು ಕೇಳಿದಳು. ಪಾಟೀಲ ಎಂದೆ. “ಪಾಟೀಲ? ಮ್ಹಣಜೆ ಮರಾಠಾಚ ನಾ?” ಎಂದಳು. ಅಂದರೆ ಮರಾಠಾ ಜಾತಿಯವನೇ ತಾನೆ ಎಂದು. ನಮ್ಮ ಕಡೆ ಪಾಟೀಲರೆಂದರೆ ಲಿಂಗಾಯತರೂ ಇದ್ದಾರೆ, ಜೈನರೂ ಇದ್ದಾರೆ, ಮರಾಠರೂ ಇದ್ದಾರೆ. ನಾನು ಲಿಂಗಾಯತ. ಅದನ್ನು ಹೇಳಲಿಲ್ಲ, ಹೌದೆಂದೂ ಅನ್ನಲಿಲ್ಲ. ನಕ್ಕೆ. ಆಮೇಲೆ ಅವಳು ಗೆಳೆಯನ ಕಡೆ ತಿರುಗಿದಳು. ಅವನು ತನ್ನ ಅಡ್ಡಹೆಸರು ಹೇಳಿದ. ಮುಂದಿನ ಪ್ರಶ್ನೆಯೇ ಬೇಕಾಗಿರಲಿಲ್ಲ, ಅಂಥ ಅಡ್ಡಹೆಸರು ಅದು. ಒಂದೇ ಕಾಟು ಖಾಲಿ ಇದೆ ಎಂದು ಹೇಳಿದಳು. ಪರದೆಯ ಆಚೆ ಎರಡು ಕಾಟುಗಳು ನಮಗಿಬ್ಬರಿಗೂ ಕಾಣುತ್ತಿದ್ದವು.

ನಾನು ಉಳಿದುಕೊಂಡೆ. ಅವನು ಟ್ರಂಕು ಹೊತ್ತು ಜೀನೆ ಇಳಿದು ಹೋದ.

ಆ ಹೆಂಗಸು ಕೆಟ್ಟವಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ನನಗೆ ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟಳು. 1986ರ ಜೂನ್ ತಿಂಗಳಲ್ಲಿ ಬೆಳಗಾವಿಯ ಗಡಿ ಚಳವಳಿ ಹೊತ್ತಿಕೊಂಡಾಗ ಚಾಳಿನ ಗ್ಯಾಲರಿಯಲ್ಲಿ ಕನ್ನಡದವರ ಬಗೆಗೆ ಬೈಗುಳ ಕೇಳಿಬರುತ್ತಿದ್ದವು. 1969ರ ಗಲಭೆಯನ್ನು ಕಣ್ಣಾರೆ ಕಂಡವರು ಅದರ ಕತೆಗಳನ್ನು ಹೇಳುತ್ತಿದ್ದರು. ಆಗ ನಾನು ಚಿತ್ತಾಲರ ‘ಶಿಕಾರಿ’ ಓದುತ್ತಿದ್ದೆ. ಅದಕ್ಕೆ ಮರಾಠಿ ವರ್ತಮಾನಪತ್ರಿಕೆಯ ರಟ್ಟು ಹಾಕಿದ್ದೆ. ಕಾದಂಬರಿಯ ನಾಗಪ್ಪ ಹೆದರಿದಲ್ಲೆಲ್ಲ ನಾನೂ ಹೆದರಿದೆ, ಆದರೆ ನಮ್ಮಿಬ್ಬರ ಹೆದರಿಕೆ ಒಂದೇ ಜಾತಿಯದಲ್ಲ ಎಂದು ನಡುನಡುವೆ ಅನ್ನಿಸುತ್ತಿತ್ತು.

ನನ್ನ ತಕರಾರು ಶುರುವಾಗುವುದು ಇಲ್ಲಿಂದ. 1979ರಲ್ಲಿ ಬಂದ ‘ಶಿಕಾರಿ’ ದೊಡ್ಡ ಕಾದಂಬರಿ. ಅದರ ಬಗೆಗೆ ಎರಡು ಮಾತಿಲ್ಲ. ಕಂಪನಿಯ ಮೇಲ್ದರ್ಜೆಯ ಅಧಿಕಾರಿಯೊಬ್ಬನನ್ನು ಆರೋಪ ಹೊರಿಸಿ ಕೆಲಸದಿಂದ ದೂರ ಇಟ್ಟಾಗ ಅವನ ಸುತ್ತಲಿನ ಮಹಾನಗರ ಹೇಗೆ ಬೇಟೆಯ ಕಾಡಾಗಿ ಕಾಣುತ್ತದೆ ಎಂಬುದನ್ನು ಅಷ್ಟು ತೀವ್ರವಾಗಿ ಬರೆದದ್ದು ಕನ್ನಡದಲ್ಲಿ ಬೇರೆ ಇಲ್ಲ. ಆದರೆ ನಾಗಪ್ಪ ಊರೊಳಗೆ ಬಂದು ನೆಲೆಯಾದವನು. ಅವನನ್ನು ಹೊರಗೆ ತಳ್ಳಲು ನೋಡುತ್ತಾರೆ, ಅಂದರೆ ಒಳಗಿದ್ದಾನೆ ಎಂದಾಯಿತು. ವ್ಯಾಸರಾಯ ಬಲ್ಲಾಳರ ‘ಬಂಡಾಯ’ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು, ಅದರಲ್ಲಿ ಕಾರ್ಮಿಕರ ಮುಂಬಯಿ ಇದೆ, ಮಾಲೀಕರ ಜತೆಗಿನ ಜಗಳವಿದೆ. ಆ ಕಾರ್ಮಿಕ ಸಂಜೆ ಯಾವ ಖೋಲಿಗೆ ಮರಳುತ್ತಾನೆ, ಆ ಖೋಲಿ ಅವನಿಗೆ ಯಾರ ಮಾತಿನ ಮೇಲೆ ಸಿಕ್ಕಿತು ಎಂಬಲ್ಲಿ ನಮ್ಮ ಮುಂಬಯಿ ಲೇಖಕರು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಇದಕ್ಕೆ ಕಾರಣವೂ ಉಂಟು. ಕನ್ನಡದ ಮುಂಬಯಿಯನ್ನು ಬರೆದವರಲ್ಲಿ ಹೆಚ್ಚಿನವರು ಕರಾವಳಿಯವರು, ಉತ್ತರ ಕನ್ನಡದವರು. ಅವರಿಗೆ ಹೋಟೆಲಿನ ಮಾಳಿಗೆ ಇತ್ತು, ಊರಿನವರ ಬಿಡಾರ ಇತ್ತು, ರಾತ್ರಿ ಶಾಲೆಗಳಿದ್ದವು. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರದು, ಕರ್ನಾಟಕ ಸಂಘ 1933ರದು. ಮೊದಲ ಬಾಗಿಲನ್ನು ತಮ್ಮವರೇ ತೆರೆದಿದ್ದರು. ನಮ್ಮ ಗಡಿಯ ಕಡೆಯವರಿಗೆ ಅಂಥ ಬಾಗಿಲಿರಲಿಲ್ಲ. ಸಂಘದ ಸಭೆಗಳಿಗೆ ನಾನೂ ಹೋಗಿದ್ದೇನೆ, ನನ್ನ ಕನ್ನಡ ಕೇಳಿ, “ನೀವು ಮರಾಠಿಯವರಾ?” ಎಂದು ಒಬ್ಬರು ಬಹಳ ವಿಶ್ವಾಸದಿಂದಲೇ ಕೇಳಿದರು.

ಜಯಂತ ಕಾಯ್ಕಿಣಿಯವರ ವಿಷಯ ಬೇರೆ. ಅವರು ಮಾಡಿದ್ದು ಸಣ್ಣ ಕೆಲಸವಲ್ಲ. ಮುಂಬಯಿಯ ಕನ್ನಡಿಗರನ್ನು ಬಿಟ್ಟು, ಕನ್ನಡದ ಒಂದಕ್ಷರವೂ ಬಾರದ ಜನರಿಗೆ ಕನ್ನಡ ಕೊಟ್ಟರು. ಅವರ ಕಥೆಗಳಲ್ಲಿ ಮದುವೆಯ ಕುದುರೆ ವರನ ಸಮೇತ ಓಡಿಹೋಗುತ್ತದೆ, ಸಿನೆಮಾ ಮಂದಿರದ ಕಸಗುಡಿಸುವವನಿಗೆ ಸೀಟಿನ ಕೆಳಗೆ ಯಾರದೋ ಥರ್ಮಾಸು ಸಿಗುತ್ತದೆ. ‘ಕನ್ನಡಿ ಇಲ್ಲದ ಊರಲ್ಲಿ’ ಕಥೆಯ ಮುದುಕ ವಯಸ್ಸಾದ ಮಗಳ ಸಲುವಾಗಿ ಅಪರಿಚಿತ ಬ್ರಹ್ಮಚಾರಿಯನ್ನು ಹುಡುಕಿಕೊಂಡು ಬರುತ್ತಾನೆ. ತೇಜಸ್ವಿನಿ ನಿರಂಜನ ಅವರು ಇಂಗ್ಲಿಷಿಗೆ ತಂದ ಈ ಕಥೆಗಳ ಸಂಕಲನಕ್ಕೆ 2018ರ ಡಿಎಸ್‌ಸಿ ಪ್ರಶಸ್ತಿ ಬಂದಾಗ ನಾನು ಊರಲ್ಲಿ ಪೇಢೆ ಹಂಚಿದವನು. ಆದರೂ ಹೇಳುತ್ತೇನೆ: ಕಾಯ್ಕಿಣಿಯವರ ಮುಂಬಯಿಯಲ್ಲಿ ಬಾಗಿಲು ತಟ್ಟಿದವನಿಗೆ ಒಂದು ಲೋಟ ನೀರು ಸಿಕ್ಕೇ ಸಿಗುತ್ತದೆ. ನೀರು ಕೊಡುವ ಮುಂಚೆ ಹೆಸರು ಕೇಳುವ ಗಳಿಗೆಯನ್ನು ಅವರ ಕರುಣೆ ಬೇಗ ದಾಟಿಸಿಬಿಡುತ್ತದೆ. ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕಥೆಯಲ್ಲಿ ಮಾತ್ರ ಅವರು ಅಲ್ಲಿ ನಿಂತಿದ್ದಾರೆ. ಹಿಂದೆಮುಂದೆ ಯಾರೂ ಇಲ್ಲದ ಪೋಪಟ ಮತ್ತು ಆಸಾವರಿ ತಮ್ಮ ಮದುವೆಯ ಕರೆಯೋಲೆ ಅಚ್ಚು ಹಾಕಿಸಬೇಕು. ಅವರಿಗೆ ತಮ್ಮ ಹೆಸರುಗಳೇ ತೊಡಕಾಗುತ್ತವೆ. ಆ ಕಥೆಯನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ನನ್ನ ಗೆಳೆಯನ ವಿಷಯಕ್ಕೆ ಬರುತ್ತೇನೆ. ಅವನಿಗೆ ಆಸರೆ ಸಿಕ್ಕಿದ್ದು ಧಾರಾವಿಗೆ ಹತ್ತಿಕೊಂಡಿರುವ ಮಾಟುಂಗಾ ಲೇಬರ್ ಕ್ಯಾಂಪಿನಲ್ಲಿ, ದೂರದ ಸಂಬಂಧಿಕರ ಹತ್ತಿರ. ಮೂರು ತಿಂಗಳ ನಂತರ ಧೈರ್ಯ ಮಾಡಿ ಅವನನ್ನು ಕಾಣಲು ಹೋದೆ. ನಾಯಗಾಂವದಿಂದ ನಡೆದೇ ಹೋಗಬಹುದು. ದಾರಿಯಲ್ಲಿ ಪಾರ್ಸಿ ಕಾಲನಿಯ ಶಾಂತ ಬೀದಿಗಳು, ಆಮೇಲೆ ಮಲ್ಲಿಗೆ ಹೂವಿನ, ಫಿಲ್ಟರ್ ಕಾಫಿಯ ಮಾಟುಂಗಾ, ರೈಲು ಹಳಿಯ ಆಚೆ ಧಾರಾವಿ. ಧಾರಾವಿಯ ಒಳಗೆ ಮತ್ತೆ ಗುಜರಾತಿ ಕುಂಬಾರರ ಕುಂಭಾರವಾಡಾ ಬೇರೆ, ತಿರುನೆಲ್ವೇಲಿಯ ತಮಿಳರು ಬೇರೆ, ನಮ್ಮ ಕಲಬುರ್ಗಿ, ವಿಜಾಪುರದ ಕಡೆಯ ಕೂಲಿಗಳು ಬೇರೆ. ಈ ಊರಿನಲ್ಲಿ ಎಲ್ಲ ಜನ ಕೂಡಿ ಬಾಳುತ್ತಾರೆ ಎಂದು ಬರೆಯುವವರು ಈ ದಾರಿ ಒಮ್ಮೆ ನಡೆದು ನೋಡಬೇಕು. ಕಿರಾಣಿ ಅಂಗಡಿಯಲ್ಲಿ ಎಲ್ಲ ಧಾನ್ಯಗಳೂ ಇರುತ್ತವೆ ನಿಜ, ಆದರೆ ಡಬ್ಬಿ ಬೇರೆ ಬೇರೆ. ಡಬ್ಬಿಗಳಿಗೆ ಕಾನೂನಿನ ಮುಚ್ಚಳವೂ ಇದೆ: ಒಂದೇ ಸಮುದಾಯದವರಿಗೆಂದು ಕಟ್ಟಿಕೊಂಡ ಗೃಹ ಸಹಕಾರಿ ಸಂಘ ಹೊರಗಿನವರನ್ನು ಸದಸ್ಯರಾಗಿ ತೆಗೆದುಕೊಳ್ಳದೆ ಇರಬಹುದು ಎಂದು ಸುಪ್ರೀಂ ಕೋರ್ಟು 2005ರಲ್ಲಿ, ಅಹಮದಾಬಾದಿನ ಪಾರ್ಸಿ ಸೊಸಾಯಿಟಿಯ ದಾವೆಯಲ್ಲಿ, ತೀರ್ಪು ಕೊಟ್ಟಿದೆ.

ಗೆಳೆಯ ಚಹಾ ತರಿಸಿದ. ನಾನು ಏನೇನೋ ಸಮಜಾಯಿಷಿ ಹೇಳತೊಡಗಿದೆ; ನಾನೇನು ಸುಳ್ಳು ಹೇಳಿದೆನೇ ಎಂದೆ.

“ನೀ ಸುಳ್ಳ ಹೇಳಿಲ್ಲೋ,” ಎಂದ. “ಅಕಿ ತಪ್ಪ ತಿಳಕೊಂಡ್ಳು, ನೀ ತಿಳಕೊಳ್ಳಾಕ ಬಿಟ್ಟಿ. ನನ್ನ ಹೆಸರಿನ್ಯಾಗ ತಪ್ಪ ತಿಳಕೊಳ್ಳಾಕ ಜಾಗಾನ ಇಲ್ಲ.”

ಹೊರಡುವಾಗ ಒಂದು ಮರಾಠಿ ಪುಸ್ತಕ ಕೊಟ್ಟ. ಬಾಬುರಾವ ಬಾಗುಲರ ‘ಜೇವ್ಹಾ ಮೀ ಜಾತ ಚೋರಲೀ ಹೋತೀ’, 1963ರದು. ನಾನು ಜಾತಿ ಕದ್ದಾಗ ಎಂದು ಅದರ ಅರ್ಥ. ಬಾಗುಲರು ಇದೇ ಲೇಬರ್ ಕ್ಯಾಂಪಿನಲ್ಲಿ ಬದುಕಿದವರು.

ಶೀರ್ಷಿಕೆಯ ಕಥೆ ಮನೆ ಹುಡುಕುವ ಕಥೆಯೇ. ರೈಲ್ವೆ ಕೆಲಸಕ್ಕೆಂದು ಗುಜರಾತಿನ ಉಧನಾಕ್ಕೆ ಹೋದ ದಲಿತ ಯುವಕನೊಬ್ಬ ಜಾತಿ ಮರೆಸಿ ಇರಲು ಜಾಗ ಪಡೆಯುತ್ತಾನೆ. ಅವನನ್ನು ಒಳಗೆ ಕರೆದುಕೊಂಡವರು ಅವನ ಜಾಣತನಕ್ಕೆ ಮರುಳಾಗುತ್ತಾರೆ. ಅದೇ ಕಥೆಯಲ್ಲಿ ಕಾಶಿನಾಥ ಎಂಬ ಇನ್ನೊಬ್ಬನಿದ್ದಾನೆ, ಜಾತಿ ಮುಚ್ಚಿಡದವನು. ಅವನಿಗೆ ಮೊದಲ ದಿನದಿಂದಲೇ ಪೆಟ್ಟು. ಗುಟ್ಟು ಹೊರಬಿದ್ದ ದಿನ ಕಥಾನಾಯಕನನ್ನು ಬಡಿಯುತ್ತಾರೆ, ಬಿಡಿಸಲು ಬರುವವನು ಅದೇ ಕಾಶಿನಾಥ. ಬಾಗುಲರ ಬರವಣಿಗೆಯಲ್ಲಿ ದೋಷಗಳಿವೆ. ಪಾತ್ರಗಳು ಭಾಷಣ ಮಾಡುತ್ತವೆ, ವಿಶೇಷಣಗಳು ಒಂದರ ಮೇಲೊಂದು ಬೀಳುತ್ತವೆ. ಚಿತ್ತಾಲರ ಸೂಕ್ಷ್ಮತೆ, ಕಾಯ್ಕಿಣಿಯವರ ಹಗುರ ಕೈ ಎರಡೂ ಇಲ್ಲ. ಆದರೆ ಕಥೆ ಪೂರ್ತಿಯಾಗಿ ಬಾಗಿಲಲ್ಲೇ ನಡೆಯುತ್ತದೆ. ಒಳಗೆ ಹೋದ ಮೇಲೂ ಆ ಯುವಕ ಬಾಗಿಲಲ್ಲೇ ನಿಂತಿರುತ್ತಾನೆ. ಕನ್ನಡದ ಮುಂಬಯಿಯಲ್ಲಿ ನಾನು ಹುಡುಕಿ ಕಾಣದೆ ಹೋದದ್ದು ಈ ಒಂದು ಜಾಗ.

ಆ ಪುಸ್ತಕವನ್ನು ಚಾಳಿನಲ್ಲಿ ರಟ್ಟು ಹಾಕದೆ ಓದಬಹುದಿತ್ತು, ಮರಾಠಿಯಷ್ಟೇ. ಅದಕ್ಕೂ ರಟ್ಟು ಹಾಕಿದೆ. ಹಾಗಾದರೆ ಆ ಕಥೆಯಲ್ಲಿ ನಾನು ಯಾರು? ಕದ್ದವನೆಂದು ಕರೆದುಕೊಳ್ಳುವ ಯೋಗ್ಯತೆ ನನಗಿಲ್ಲ. ಅವನು ಜೀವ ಉಳಿಸಿಕೊಳ್ಳಲು ಮುಚ್ಚಿಟ್ಟ. ನಾನು ನಿಜ ಹೇಳಿದ್ದರೆ ಬಹಳವಾದರೆ ಇನ್ನೊಂದು ಚಾಳು ಹುಡುಕಬೇಕಾಗುತ್ತಿತ್ತು. ಬಾಗುಲರು ನನ್ನಂಥವನ ಕಥೆ ಬರೆದಿಲ್ಲ, ಅವರಿಗೆ ಅದರ ಅಗತ್ಯವೂ ಇರಲಿಲ್ಲ. ಬರೆಯಬೇಕಾದವರು ನಾವು. ಚಿತ್ತಾಲರೋ ಬಲ್ಲಾಳರೋ ಬರೆಯಲಿಲ್ಲವೆಂದು ಇಷ್ಟು ವರ್ಷ ತಕರಾರು ತೆಗೆದದ್ದರಲ್ಲಿ ನನ್ನ ಸೋಮಾರಿತನದ ಪಾಲೂ ಇದೆ.

ನಿವೃತ್ತನಾಗಿ ಊರಿಗೆ ಬಂದಿದ್ದೇನೆ. ಹಿತ್ತಲ ಕಡೆಯ ಎರಡು ಖೋಲಿ ಬಾಡಿಗೆಗೆ ಕೊಡುವುದೆಂದು ಹೋದ ವರ್ಷ ನಿರ್ಧಾರ ಮಾಡಿದೆವು. ಕಾರ್ಖಾನೆಗೆ ಹೊಸದಾಗಿ ಬಂದ ಒಬ್ಬ ಹುಡುಗ ವಿಚಾರಿಸಲು ಬಂದ. ಪಡಸಾಲೆಯಲ್ಲಿ ಕೂಡಿಸಿದೆ. ಒಳಗಿನಿಂದ ಮನೆಯವಳು ಮೆಲ್ಲಗೆ, “ಯಾವ ಮಂದ್ಯಾಗಿನವರು ಅಂತ ಒಮ್ಮೆ ಕೇಳ್ರಿ,” ಎಂದಳು. ಹುಡುಗನಿಗೂ ಕೇಳಿಸಿತು, ತಲೆ ತಗ್ಗಿಸಿ ಕುಳಿತ. ನಾನು ಕೇಳಲಿಲ್ಲ. ಆದರೆ ಕರಾರು ಪತ್ರಕ್ಕೆ ಬೇಕಾಗುತ್ತದೆ, ಪೂರ್ತಿ ಹೆಸರು ಬರೆಯಿರಿ ಎಂದು ಕಾಗದ ಮುಂದೆ ಮಾಡಿದೆ. ಅವನು ತನ್ನ ಹೆಸರು, ತಂದೆಯ ಹೆಸರು, ಊರಿನ ಹೆಸರು ಬರೆದು ಪೆನ್ನು ಮುಚ್ಚಿಟ್ಟ. ಅಡ್ಡಹೆಸರು ಬರೆಯಲಿಲ್ಲ. ನಾನು ಕಾಗದವನ್ನು ಎರಡು ಸಲ ಓದಿದೆ. ಆಮೇಲೆ ಎದ್ದು ಬೀಗದ ಕೈ ತರಲು ಒಳಗೆ ಹೋದೆ.